ಬೊಮ್ಮಕ್ಕನ ಕೊಳದ ಬಾಲ ಸವೆದ ಮೀನುಗಳು

ಕೆಲವು ತಿಂಗಳ ಹಿಂದೆ, ನಮ್ಮ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಹೇಳಿ ಎಂದು ದಿಂಡಿಗಲ್ಲಿಗೆ ನನ್ನನ್ನು ಕರೆಸಿದ್ದರು. ಎಲ್ಲ ಮುಗಿಯುವ ಹೊತ್ತಿಗೆ ಒಬ್ಬ ಹುಡುಗಿ ಎದ್ದು ನಿಂತು, "ಮೀನಿನ ಆಹಾರದಲ್ಲಿ ಅಮೈನೊ ಆಮ್ಲ ಎಷ್ಟು ಮುಖ್ಯ ಅಂತ ಓದಿದ್ದೇವೆ ಸಾರ್. ಅದನ್ನು ರೈತರಿಗೆ ಹೇಗೆ ಹೇಳುವುದು?" ಎಂದು ಕೇಳಿದಳು. ಊಟದ ಹೊತ್ತು ಮೀರುತ್ತಿತ್ತು. ಹಿಂದಿನ ಬೆಂಚಿನವರಿಗೆ ಆಗಲೇ ಬಿರಿಯಾನಿಯ ವಾಸನೆ ಹತ್ತಿತ್ತು, ನನಗೂ ಹತ್ತಿತ್ತು. "ಅದೆಲ್ಲ ಅನುಭವದಿಂದ ಬರುತ್ತಮ್ಮ" ಎಂದು, ನಿವೃತ್ತರು ಹೇಳುವ ಸುಲಭದ ಉತ್ತರ ಹೇಳಿ ಎದ್ದುಬಿಟ್ಟೆ. ಆ ಹುಡುಗಿಯ ಮುಖ ಸಪ್ಪಗಾಯಿತು. ಅವಳ ಪ್ರಶ್ನೆಗೆ ಸರಿಯಾದ ಉತ್ತರ ಇಲ್ಲಿದೆ. ಸ್ವಲ್ಪ ಉದ್ದವಾಗಿದೆ, ಆದರೆ ಈಗ ಯಾರಿಗೂ ಹಸಿವಿಲ್ಲ ಎಂದುಕೊಳ್ಳುತ್ತೇನೆ.

ಮೊದಲು ನನ್ನ ವಿಷಯ. ನಮ್ಮದು ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಎಷ್ಟೋ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿರುವ ಕನ್ನಡದ ಮನೆತನ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಜಗಳದಲ್ಲಿ ಎರಡೂ. ಮೀನುಗಾರಿಕೆ ಓದಲು ಮಂಗಳೂರಿಗೆ ಹೋದಾಗ, ಕನ್ನಡನಾಡಿಗೇ ಬಂದೆನಲ್ಲ, ಇನ್ನೇನು ಚಿಂತೆ ಎಂದುಕೊಂಡೆ. ಹಾಸ್ಟೆಲ್ಲಿನಲ್ಲಿ ನಾನು ಬಾಯಿ ಬಿಟ್ಟ ತಕ್ಷಣ ಇದು ಯಾವ ಭಾಷೆ ಎಂದು ಕೇಳಿದರು. ನಮ್ಮ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಾಕು ಎಂಬುದು ಆಕು, ಹೋಗು ಎಂಬುದು ಓಗು, ಹುರಿ ಎಂಬುದು ಉರಿ. ಓದು ಬರಹದ ಕನ್ನಡವನ್ನು ಅಲ್ಲೇ ಕಲಿತು, ಹಕಾರಗಳನ್ನೆಲ್ಲ ಜೋಡಿಸಿಕೊಂಡು ಊರಿಗೆ ಮರಳಿದರೆ, ಅವ್ವ ನನ್ನನ್ನು ಪರಸ್ಥಳದವನನ್ನು ನೋಡುವ ಹಾಗೆ ನೋಡಿದಳು.

ಆಮೇಲೆ ಮೀನು ಸಾಕುವವರಿಗೆ ಸಲಹೆ ಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಕಚೇರಿ ದಿಂಡಿಗಲ್ಲಿನಲ್ಲಿ, ಓಡಾಟ ಪಳನಿಯಿಂದ ಕಂಬಂ ಆಚೆಯ ಗೂಡಲೂರಿನವರೆಗೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಬರೆಯುವಷ್ಟು ಬರಲೂ ಇಲ್ಲ.

ಅಮೈನೊ ಆಮ್ಲ ಎಂದರೇನೆಂದು ನಾನು ರೈತರಿಗೆ ಹೇಳುತ್ತಿದ್ದದ್ದು ಹೀಗೆ. ನಿಲಕ್ಕೋಟೈ ಸಂತೆಯಿಂದ ಒಂದು ಮೂಟೆ ಮಲ್ಲಿಗೆ ತಂದಿದ್ದೀರಿ, ಮಾಲೆ ಕಟ್ಟಬೇಕು. ಬಾಳೆನಾರು ಮಾತ್ರ ಒಂದು ಮೊಳ ಇದೆ. ಆಗುವುದು ಒಂದು ಮೊಳದ ಮಾಲೆ. ಉಳಿದ ಹೂವು ಬಾಡಿ ಕೊಳೆತು ನಾರುತ್ತದೆ. ಮೀನಿನ ಮೈ ಬೆಳೆಯುವುದೂ ಹಾಗೆಯೇ. ಮೇವಿನ ಪ್ರೋಟೀನಿನಲ್ಲಿ ಹಲವು ಬಗೆಯ ಅಮೈನೊ ಆಮ್ಲಗಳಿರುತ್ತವೆ. ಅವುಗಳಲ್ಲಿ ಕೆಲವನ್ನು ಮೀನು ತಾನೇ ಮಾಡಿಕೊಳ್ಳಲಾರದು, ಮೇವಿನಿಂದಲೇ ಸಿಗಬೇಕು. ಅಂಥದ್ದೊಂದು ಕಡಿಮೆಯಾದರೆ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ. ಬಳಕೆಯಾಗದೆ ಉಳಿದದ್ದು ಅಮೋನಿಯಾ ಆಗಿ ನೀರಿಗೆ ಸೇರುತ್ತದೆ, ಅದೇ ನೀರಿನಲ್ಲಿ ಮೀನು ಬದುಕಬೇಕಾಗುತ್ತದೆ.

ಈ ಹೂವಿನ ಮಾತು ಹೆಂಗಸರಿಗೆ ಕೂಡಲೇ ತಿಳಿಯುತ್ತಿತ್ತು. ಗಂಡಸರು ತಲೆಯಾಡಿಸಿ, ನಿಲಕ್ಕೋಟೈಯಲ್ಲಿ ಈಗ ಮಲ್ಲಿಗೆ ಏನು ರೇಟು ಎಂದು ಕೇಳುತ್ತಿದ್ದರು.

ನನ್ನ ಮೇಲಧಿಕಾರಿ ಸೌಂದರಂ ಸಾರ್ ಎಂಬುವರು. ತಂಜಾವೂರಿನ ಕಡೆಯವರು, ಬಲು ಒಳ್ಳೆಯವರು. ಜನರ ಜೊತೆ ಜನರ ಭಾಷೆಯಲ್ಲೇ ಮಾತಾಡಬೇಕು ಎಂಬುದು ಅವರ ವ್ರತ. ಬಸ್ಸಿನಲ್ಲಿ ನನ್ನ ಪಕ್ಕ ಕೂತು ಕನ್ನಡ ಕಲಿಯುತ್ತಿದ್ದರು. ಅವರ ಕನ್ನಡದ ಸೂತ್ರ ಸುಲಭದ್ದು. ತಮಿಳು ಪದ ತೆಗೆದುಕೊಂಡು ಅದಕ್ಕೆ ಕನ್ನಡದ ಬಾಲ ಅಂಟಿಸುವುದು. ಮಾತಾಡಿದೆ ಎನ್ನಲು "ಪೇಸಿದೆ" ಎನ್ನುವರು, ನಿದ್ದೆ ಬಂತು ಎನ್ನಲು "ತೂಕ ಬಂತು" ಎನ್ನುವರು. ನಮ್ಮ ಮನೆಗಳ ಕನ್ನಡವೂ ಅರ್ಧ ಅದೇ ಸೂತ್ರದ್ದಾದ್ದರಿಂದ ಬಹಳ ಸಲ ಅದು ನಡೆದುಬಿಡುತ್ತಿತ್ತು. ನಡೆಯದಿದ್ದ ಸಲ ಏನಾಯಿತು ಎಂಬುದೇ ಮುಂದಿನ ಕಥೆ.

ಅದಕ್ಕೂ ಮೊದಲು ಅವರ ತಮಿಳಿನಿಂದಲೇ ಆದ ಒಂದು ಅನಾಹುತ ಹೇಳಬೇಕು. ಉತ್ತಮಪಾಳ್ಯದಲ್ಲಿ ಒಂದು ಸಭೆ. ಮೀನಿಗೆ ಅಮೈನೊ ಆಮ್ಲ ಸಿಗುವಂತೆ ನೋಡಿಕೊಳ್ಳಿ ಎಂದು ಸಾರ್ ಚೆನ್ನಾಗಿಯೇ ಮಾತಾಡಿದರು. ಆಮ್ಲಕ್ಕೆ ತಮಿಳಿನಲ್ಲಿ ಅಮಿಲಂ ಎನ್ನುತ್ತಾರೆ. ನಮ್ಮ ಕಣಿವೆಯ ದ್ರಾಕ್ಷಿ ತೋಟದವರಿಗೆ ಮೀನ್ ಅಮಿಲಂ ಎಂದರೆ ಬೇರೆಯೇ ಒಂದು ವಸ್ತು. ಮೀನಿನ ತಲೆ, ಕರುಳನ್ನು ಬೆಲ್ಲದ ಜೊತೆ ಡ್ರಮ್ಮಿನಲ್ಲಿ ಕೊಳೆಯಿಸಿ, ಸೋಸಿ, ನೀರು ಬೆರೆಸಿ ಬಳ್ಳಿಗೆ ಹೊಡೆಯುವ ಗೊಬ್ಬರ ಅದು. ಸಭೆಯಲ್ಲಿದ್ದ ಕೆಂಚಣ್ಣ ಎಂಬ ದ್ರಾಕ್ಷಿ ಬೆಳೆಗಾರರು ಮನೆಗೆ ಹೋದವರೇ, ಬಳ್ಳಿಗೆಂದು ಇಟ್ಟಿದ್ದ ಡ್ರಮ್ಮನ್ನು ಪೂರ್ತಿ ತಮ್ಮ ಮೀನಿನ ಕೊಳಕ್ಕೆ ಬಗ್ಗಿಸಿದರು.

ಮರುದಿನ ಬೆಳಿಗ್ಗೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ಹುಡುಕುತ್ತಿದ್ದವು. ಅಷ್ಟು ಬೆಲ್ಲ, ಅಷ್ಟು ಕೊಳೆ ಒಮ್ಮೆಗೇ ಬಿದ್ದರೆ ನೀರಿನ ಆಮ್ಲಜನಕ ಉಳಿಯುವುದಿಲ್ಲ. ಮೋಟಾರು ಹಾಕಿ ಹೊಸ ನೀರು ಚಿಮ್ಮಿಸಿ ಬಹುಪಾಲು ಮೀನು ಉಳಿಸಿಕೊಂಡೆವು. ಕೆಂಚಣ್ಣ ದಡದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಲ್ಲ ತಮ್ಮ, ಮೀನ್ ಅಮಿಲಂ ಮೀನ್‌ಗೇ ಆಗ್ಲಿಲ್ಲೆ ಅಂದ್ರೆ ಇನ್ಯಾರಿಗ್ ಆಯ್ತದೆ?" ಎಂದರು.

ಪೆರಿಯಕುಳದ ಮಾವಿನ ತೋಟದವರೊಬ್ಬರ ಅಳಿಯ ಜಿಮ್ಮಿಗೆ ಹೋಗುವವನು. ತಾನು ಹಾಲಿಗೆ ಬೆರೆಸಿ ಕುಡಿಯುತ್ತಿದ್ದ ಅಮೈನೊ ಪುಡಿಯನ್ನು ಮಾವನ ಮೀನುಗಳಿಗೂ ತಂದು ಸುರಿದ. ಪುಡಿ ನೀರು ಮುಟ್ಟಿದ ಕೂಡಲೇ ಕರಗಿ ಹೋಯಿತು, ಮೀನಿನ ಬಾಯಿಗೆ ಸೇರಲೇ ಇಲ್ಲ. ಮತ್ತೆ ಹೋಗಿ ನೋಡಿದಾಗ ಅಳಿಯನೂ ಮೀನುಗಳೂ ಮೊದಲಿದ್ದ ಗಾತ್ರದಲ್ಲೇ ಇದ್ದರು.

ಆಗಿನ ಪದ್ಧತಿಗಳೂ ಹಾಗೇ ಇದ್ದವು. ಮೊದಮೊದಲು ಜನ ಮೇವನ್ನು ಕೋಳಿಗೆ ಕಾಳು ಎರಚುವಂತೆ ಎರಚುತ್ತಿದ್ದರು. ಆಮೇಲೆ ಚೀಲಕ್ಕೆ ತೂತು ಮಾಡಿ ಬಿದಿರು ಗಳಕ್ಕೆ ಕಟ್ಟಿ ನೀರಿಗಿಳಿಸುವುದನ್ನು ಕಲಿಸಿದೆವು, ಮೀನು ಬಂದು ಚೀಲಕ್ಕೆ ಮೂತಿಯಿಟ್ಟು ತಿನ್ನುವುದು. ಈಗ ತೇಲುವ ಗುಳಿಗೆ ಬಂದಿದೆ. ಮೊದಲು ಮೀನಿಗೆ ಕಾಯಿಲೆಯಾದರೆ ಬಸ್ಸು ಹತ್ತಿ ಹೋಗಿ ನೋಡಬೇಕಿತ್ತು. ಈಗ ವಾಟ್ಸಾಪಿನಲ್ಲಿ ಬರುತ್ತದೆ, ಸೂರ್ಯೋದಯದ ಶುಭೋದಯ ಒಂದು, ಅದರ ಕೆಳಗೆ ಮಬ್ಬಾದ ಮೀನು ಒಂದು. ಎಷ್ಟೋ ಸಲ ಎರಡರಲ್ಲಿ ಮೀನು ಯಾವುದೆಂದು ತಿಳಿಯುವುದಿಲ್ಲ. ನಿಮಗೆ ಒಂದೇ ಮಾತು ಹೇಳುತ್ತೇನೆ, ಫೋಟೊ ನೋಡಿ ಔಷಧಿ ಬರೆಯಬೇಡಿ. ಯಾಕೆ ಎಂಬುದಕ್ಕೆ ಬೊಮ್ಮಕ್ಕನ ವಿಷಯ ಹೇಳಬೇಕು.

ಬೊಮ್ಮಕ್ಕ ಕಂಬಂ ಪಕ್ಕದ ಹಳ್ಳಿಯವರು, ನಮ್ಮವರೇ. ಗಂಡ ತೀರಿಕೊಂಡ ಮೇಲೆ ಅವರ ಭಾಗಕ್ಕೆ ಬಂದದ್ದು ತಗ್ಗಿನ ತುಂಡು ಭೂಮಿ. ಮಳೆಗಾಲದಲ್ಲಿ ನೀರು ನಿಂತು ಬಾಳೆಯ ಬುಡ ಕೊಳೆಯುತ್ತಿತ್ತು. ನೀರು ಹೇಗೂ ನಿಲ್ಲುತ್ತದಲ್ಲ ಎಂದು ಅವರು ಅಲ್ಲೊಂದು ಕೊಳ ತೋಡಿಸಿ ರೋಹು ಮರಿ ಬಿಟ್ಟರು. ಗಂಡನ ಅಣ್ಣ ರಂಗಣ್ಣನಿಗೆ ಅದು ಒಗ್ಗಲಿಲ್ಲ. ಪಟ್ಟಾ ಇನ್ನೂ ಜಂಟಿಯಾಗಿ ಇತ್ತು, ಮನೆಯಲ್ಲಿ ಅವರ ಮಾತೇ ಮಾತು. ಎರಡು ಸಲ ಬಿಟ್ಟ ಮೀನೂ ಬೆಳೆಯದೆ ಸೊರಗಿದಾಗ ಅವರು ಎಲ್ಲರ ಮುಂದೆ, "ಅವಳ ಕೈಲಿ ರಾಶಿ ಇಲ್ಲೆ" ಎಂದುಬಿಟ್ಟರು.

ರಾಶಿ ಎಂದರೆ ನಮ್ಮ ಕಡೆ ಕೈಗುಣ. ರಾಶಿ ಇರುವವರ ಕೈಯಲ್ಲಿ ಮೊದಲ ಬಿತ್ತನೆ ಮಾಡಿಸುತ್ತಾರೆ, ಅಂಗಡಿಯ ಮೊದಲ ವ್ಯಾಪಾರ ಮಾಡಿಸುತ್ತಾರೆ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ರಾಶಿ ಇಲ್ಲ ಎನ್ನಲು ಯಾರಿಗೂ ಹೆಚ್ಚು ಕಷ್ಟವಾಗುವುದಿಲ್ಲ. ಒಮ್ಮೆ ಆ ಮಾತು ಅಂಟಿಕೊಂಡರೆ ಮದುವೆ ಮನೆಯಲ್ಲಿ ವೀಳ್ಯದ ತಟ್ಟೆ ಅವಳನ್ನು ದಾಟಿ ಮುಂದೆ ಹೋಗುತ್ತದೆ. ರಂಗಣ್ಣ ಗಡುವನ್ನೂ ಕೊಟ್ಟಿದ್ದರು. ಪೊಂಗಲ್ ಕಳೆದ ಮೇಲೆ ಬಲೆ ಹಾಕುವುದು, ಮೀನು ನೆಟ್ಟಗಿಲ್ಲದಿದ್ದರೆ ಜೆಸಿಬಿ ತರಿಸಿ ಕೊಳ ಮುಚ್ಚಿಸಿ, ಮೇಲೆ ಮಣ್ಣು ಏರಿಸಿ ಎಲ್ಲರ ಜೊತೆ ಬಾಳೆಗೆ ಸೇರಿಸುವುದು.

ಪೊಂಗಲ್ಲಿಗೆ ಎರಡು ಮೂರು ತಿಂಗಳಿರುವಾಗ ಬೊಮ್ಮಕ್ಕ ಪ್ಲಾಸ್ಟಿಕ್ ಕೊಡದಲ್ಲಿ ಎರಡು ಮೀನು ಹಾಕಿಕೊಂಡು, ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ದಿಂಡಿಗಲ್ಲಿಗೆ ಬಂದರು. ಬಾಲದ ರೆಕ್ಕೆ ಹಳೆಯ ಪೊರಕೆಯ ಹಾಗೆ ಸವೆದಿತ್ತು. ಮೈ ತೆಳ್ಳಗೆ, ತಲೆ ಮಾತ್ರ ದೊಡ್ಡದು.

"ಅಣ್ಣ, ಇದುಕ್ ಏನ್ ಕೇಡು ಅಂತ ಏಳು. ನನ್ ಕೈ ಕೇಡು ಅಂತ ಮಾತ್ರ ಏಳ್ಬ್ಯಾಡ. ಅದ ಮನೇಲೇ ಏಳ್ತಾರೆ."

ಮರುದಿನವೇ ಸೌಂದರಂ ಸಾರ್ ಮತ್ತು ನಾನು ಹೋದೆವು. ನೀರು ಪರೀಕ್ಷೆ ಮಾಡಿದೆವು, ತೊಂದರೆಯಿಲ್ಲ. ಕಿವಿರು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು, ಹುಳುವಿಲ್ಲ. ಮೇವಿನ ಸರದಿ ಬಂತು. ಕಡಲೆಹಿಂಡಿ ಮತ್ತು ತವುಡು ಕೊಡುವ ಕ್ರಮವನ್ನು ಸಾರ್ ಹಿಂದೊಮ್ಮೆ ಆ ಹಳ್ಳಿಗೆ ಒಬ್ಬರೇ ಬಂದು ಹೇಳಿಕೊಟ್ಟಿದ್ದರು. ಹಿಂಡಿಗೆ ನಮ್ಮ ಕಡೆ ಪುಣ್ಣಾಕು ಎನ್ನುತ್ತಾರೆ.

"ಬೊಮ್ಮಕ್ಕ, ಪುಣ್ಣಾಕು ನಾನು ಹೇಳಿದ ಹಾಗೇ ಕೊಡ್ತೀರಾ?"

"ನೀವ್ ಏಳ್ದಂಗೇ ಸಾರ್. ಒಂದಿನಾನೂ ತಪ್ಸಿಲ್ಲೆ."

ಸಾರ್ ನನ್ನ ಕಡೆ ತಿರುಗಿ, ಮೇವು ಸರಿಯಿದೆ ಎಂದರು. ನಾನೂ ಸರಿಯಿದೆ ಎಂದೆ. ಹೀಗೆ ಎಲ್ಲವೂ ಸರಿಯಿದ್ದು ಮೀನು ಮಾತ್ರ ಸೊರಗುತ್ತಿತ್ತು. ದಡದ ಮೇಲೆ ನಿಂತಿದ್ದ ರಂಗಣ್ಣ, "ನಾ ಆಗ್ಲೇ ಏಳ್ದೆ ಅಲ್ವಾ?" ಎಂದು ಪಂಚೆ ಎತ್ತಿ ಕಟ್ಟಿಕೊಂಡು ಹೊರಟರು. ಬೊಮ್ಮಕ್ಕ ಟೀ ಮಾಡಲು ಒಳಗೆ ಹೋದರು.

ಟೀ ಕುಡಿಯುತ್ತ ಕೂತಾಗ ಹಿತ್ತಲಿನಿಂದ ಒಳ್ಳೆಯ ಘಮ ಬಂತು. ಶೇಂಗಾ ಹುರಿದ ವಾಸನೆ. ತಿನ್ನಲು ಏನೋ ಮಾಡುತ್ತಿದ್ದಾರೆ ಎಂಬ ಆಸೆಯಿಂದಲೇ ನಾನು ಎದ್ದು ಹೋದದ್ದು, ಸಂಶೋಧನೆಗಲ್ಲ. ಹೋಗಿ ನೋಡಿದರೆ ಒಲೆಯ ಮೇಲೆ ಮದುವೆ ಅಡಿಗೆಯಷ್ಟು ದೊಡ್ಡ ಬಾಣಲೆ. ಅದರಲ್ಲಿ ಹಿಂಡಿಯ ಪುಡಿ ಮತ್ತು ತವುಡು ಕಾಫಿ ಬೀಜದ ಬಣ್ಣಕ್ಕೆ ತಿರುಗಿ ಹೊಗೆಯಾಡುತ್ತಿತ್ತು.

"ಯಾರಿಗಕ್ಕ ಇಷ್ಟು?"

"ಮೀನ್‌ಗೇ ತಾನ. ಬೆಳಿಗ್ಗೆ ಎದ್ರೆ ಇದೇ ಕೆಲ್ಸ, ತೋಳೇ ಬಿದ್ದೋಯ್ತದೆ. ಉರಾಕಿ ಕೊಡಿ ಅಂತ ಸಾರ್ ಏಳಿದ್ರಲ್ಲ?"

ಸೌಂದರಂ ಸಾರ್ ಕೈಯಲ್ಲಿ ಟೀ ಲೋಟ ಹಿಡಿದೇ ಓಡಿ ಬಂದರು. "ನಾನು ಎಲ್ಲಿ ಹುರಿಯಕ್ಕೆ ಹೇಳಿದೆ? ಊರಾಕಿ ಅಂದೆ, ಊರಾಕಿ. ರಾತ್ರಿ ನೀರಿನಲ್ಲಿ ಹಾಕಿ ಬಿಡೋದು. ಅದು ಕನ್ನಡ ತಾನೇ?"

ಅದು ಕನ್ನಡವಲ್ಲ. ನೆನೆಯುವುದಕ್ಕೆ ತಮಿಳಿನಲ್ಲಿ ಊರುವುದು ಎನ್ನುತ್ತಾರೆ. ಸಾರ್ ತಮ್ಮ ಸೂತ್ರದ ಪ್ರಕಾರ ತಮಿಳಿನ ಊರ ಎಂಬುದಕ್ಕೆ ನಮ್ಮ ಆಕಿ ಎಂಬ ಬಾಲ ಅಂಟಿಸಿ ಊರಾಕಿ ಮಾಡಿದ್ದರು. ನಮ್ಮ ಮನೆಮಾತಿನಲ್ಲಿ ನೆನೆಹಾಕುವುದಕ್ಕೆ ನೆನಾಕು ಎನ್ನುತ್ತೇವೆ. ಉರಾಕು ಎಂದರೆ ಹುರಿದು ಹಾಕು.

"ಒಂದ್ ಮಾತು ತಮಿಳ್ನಲ್ಲೇ ಏಳಿದ್ರೆ ನಂಗ್ ತಿಳೀತಿತ್ತಲ್ಲ ಸಾರ್" ಎಂದರು ಬೊಮ್ಮಕ್ಕ. "ನೀವ್ ಕನ್ನಡ ಆಡುದ್ರಿ. ನಾ ಕನ್ನಡ ತಾನ ಕೇಳ್ಬೇಕು?"

ಸಾರ್ ಟೀ ಲೋಟವನ್ನು ಕಟ್ಟೆಯ ಮೇಲಿಟ್ಟರು. ಟೀ ಆರಿ ಹೋಯಿತು.

ಈಗ ವಿಜ್ಞಾನ. ಲೈಸಿನ್ ಎಂಬ ಅಮೈನೊ ಆಮ್ಲ ಕಡಲೆಹಿಂಡಿಯಲ್ಲಿ ಮೊದಲೇ ಕಡಿಮೆ. ಹಿಂಡಿಯನ್ನು ತವುಡಿನ ಜೊತೆ ಹಾಗೆ ಕಪ್ಪಾಗುವವರೆಗೆ ಹುರಿದರೆ, ಇರುವ ಲೈಸಿನ್ನೂ ತವುಡಿನ ಸಕ್ಕರೆಯ ಜೊತೆ ಅಂಟಿಕೊಂಡು ಗಟ್ಟಿಯಾಗುತ್ತದೆ. ಆ ಬಣ್ಣ, ಆ ಘಮ ಹುಟ್ಟುವುದೇ ಹಾಗೆ. ಮೀನು ತಿನ್ನುತ್ತದೆ, ಆದರೆ ಅದರ ಕರುಳಿಗೆ ಅದನ್ನು ಬಿಡಿಸಿಕೊಳ್ಳಲು ಆಗುವುದಿಲ್ಲ. ಲೈಸಿನ್ ಇಲ್ಲದೆ ಮೈ ಕಟ್ಟುವುದಿಲ್ಲ, ಸವೆದ ರೆಕ್ಕೆ ಮತ್ತೆ ಬೆಳೆಯುವುದಿಲ್ಲ, ಚಿಕ್ಕ ಗಾಯವೂ ಮಾಯುವುದಿಲ್ಲ. ಕಣಿವೆಯಲ್ಲಿ ಅಷ್ಟು ಶ್ರದ್ಧೆಯಿಂದ ಮೀನಿಗೆ ಅಡಿಗೆ ಮಾಡಿದವರು ಬೇರೆ ಯಾರೂ ಇರಲಾರರು, ಆ ಶ್ರದ್ಧೆಯೇ ಮೀನನ್ನು ಸೊರಗಿಸಿತ್ತು.

ನಾನು ಇದನ್ನೆಲ್ಲ ಮಲ್ಲಿಗೆ, ಬಾಳೆನಾರು ಎಂದು ಬಿಡಿಸಿ ಹೇಳಿದೆ. ನಾರನ್ನು ಬೆಂಕಿಗೆ ಹಾಕಿದ ಹಾಗೆ ಎಂದೆ. ಬೊಮ್ಮಕ್ಕ ಕೈಯಲ್ಲಿದ್ದ ಸೌಟನ್ನು ಬಾಣಲೆಯಲ್ಲೇ ಬಿಟ್ಟರು.

"ಅಂಗಾರೆ ನನ್ ಕೈ ಅಲ್ಲ?"

"ಕೈ ಅಲ್ಲಕ್ಕ, ಬಾಣಲೆ."

ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಗುತ್ತಲೇ ಅಳು ಬಂತು, ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಎಷ್ಟು ದಿನದಿಂದ ಅದನ್ನು ಒಳಗೇ ಇಟ್ಟುಕೊಂಡಿದ್ದರೋ. ನನ್ನ ಕಣ್ಣೂ ತುಂಬಿತು. ಸೌಂದರಂ ಸಾರ್ ಮಾತ್ರ ಒಲೆಯ ಬೆಂಕಿ ಆರಿಸುವ ಕೆಲಸವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಮಾಡಿದರು.

ಅಂದಿನಿಂದ ಮೇವು ಬದಲಾಯಿತು. ಹಿಂಡಿ ನೆನೆಹಾಕುವುದು, ಅದಕ್ಕೆ ಸೋಯಾ ಹಿಂಡಿ ಸೇರಿಸುವುದು, ಜೊತೆಗೆ ಲೈಸಿನ್ನಿಗಾಗಿ ಒಣಮೀನಿನ ಪುಡಿ. ಒಣಮೀನು ತರುವ ಹೊಣೆಯನ್ನು ಸಾರ್ ತಾವೇ ಹೊತ್ತರು. ರಜೆಯ ದಿನ ದಿಂಡಿಗಲ್ ಮಾರ್ಕೆಟ್ಟಿನಿಂದ ಒಂದು ಗಂಟು ಕಟ್ಟಿಕೊಂಡು ಕಂಬಂ ಬಸ್ಸು ಹತ್ತಿದರು. ವತ್ತಲಗುಂಡು ದಾಟುವಷ್ಟರಲ್ಲಿ ಅವರ ಸೀಟಿನ ಸುತ್ತ ಮುತ್ತ ಯಾರೂ ಉಳಿಯಲಿಲ್ಲ. ಅದೇ ವಾಸನೆಯೊಂದಿಗೆ ಬೊಮ್ಮಕ್ಕನ ಹಿತ್ತಲಿಗೆ ಹೋಗಿ, ಶುದ್ಧ ತಮಿಳಿನಲ್ಲಿ, ಒಂದೊಂದೇ ಪದ ಬಿಡಿಸಿ, ಬೆರೆಸುವುದು ಹೇಗೆ ಎಂದು ಹೇಳಿದರು. ಬೊಮ್ಮಕ್ಕ ಪಾಪ, ಅವರ ಮನಸ್ಸಿಗೆ ನೋವಾಗದಿರಲಿ ಎಂದು, "ನೀವ್ ಕನ್ನಡ್ದಲ್ಲೇ ಏಳಿ ಸಾರ್, ನಾ ಇನ್ನೊಂದ್ ಸಲ ಕೇಳ್ಕೋತೀನಿ" ಎಂದರಂತೆ. ಸಾರ್ ಒಪ್ಪಲಿಲ್ಲ.

ನಾನು ಅಂದು ಕಲಿತದ್ದು ನಿಮಗೂ ಉಪಯೋಗಕ್ಕೆ ಬಂದೀತು. ಮೇವು ಹೇಗೆ ಕೊಡುತ್ತೀರಿ ಎಂದು ಕೇಳಿದರೆ ಎಲ್ಲರೂ ಸರಿಯಾಗಿಯೇ ಕೊಡುತ್ತೇವೆ ಎನ್ನುತ್ತಾರೆ. ಮಾಡಿ ತೋರಿಸಿ ಎನ್ನಬೇಕು. ಹಿತ್ತಲಿಗೆ ಹೋಗಬೇಕು. ಟೀ ಕೊಟ್ಟರೆ ಬೇಡ ಎನ್ನಬಾರದು, ಟೀ ಆಗುವಷ್ಟು ಹೊತ್ತು ಆ ಮನೆಯಲ್ಲಿ ಇರುವುದೇ ದೊಡ್ಡ ಪರೀಕ್ಷೆ.

ಪೊಂಗಲ್ ಕಳೆಯಿತು. ಬಲೆ ಹಾಕುವ ದಿನ ರಂಗಣ್ಣ ಹೇಳಿದ ಹಾಗೇ ಜೆಸಿಬಿ ತರಿಸಿದ್ದರು. ಅದು ಕೊಳದ ಪಕ್ಕದಲ್ಲೇ ನಿಂತಿತ್ತು, ಅದರ ಡ್ರೈವರ್ ನೆರಳಿನಲ್ಲಿ ಇಡ್ಲಿ ತಿನ್ನುತ್ತಿದ್ದ. ಬೊಮ್ಮಕ್ಕ ದಡದ ಮೇಲೆ ಇಬ್ಬರು ಓರಗಿತ್ತಿಯರಿಂದ ಸ್ವಲ್ಪ ದೂರದಲ್ಲಿ ನಿಂತಿದ್ದರು. ಅವರ ಕೈ ಸೆರಗಿನೊಳಗೆ ಇತ್ತು.

ಬಲೆ ಎಳೆದರು. ಮೀನು ದೈತ್ಯವಾಗೇನೂ ಬೆಳೆದಿರಲಿಲ್ಲ, ಅಷ್ಟು ದಿನದಲ್ಲಿ ಅದು ಆಗುವುದೂ ಇಲ್ಲ. ಆದರೆ ಬೆನ್ನು ತುಂಬಿಕೊಂಡಿತ್ತು. ಬಾಲ ಸವೆದಿದ್ದ ಕಡೆ ಹೊಸ ರೆಕ್ಕೆ ತೆಳ್ಳಗೆ, ಬಿಳಿಯಾಗಿ, ಅಂಚು ಕತ್ತರಿಸಿದ ಹಾಗೆ ನೇರವಾಗಿ ಬೆಳೆದಿತ್ತು. ರಂಗಣ್ಣ ನೀರಿಗಿಳಿದು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ಒಂದೊಂದೇ ಮೀನು ಹಿಡಿದು ಬಾಲ ನೋಡಿದರು. ಇನ್ನೊಂದು ನೋಡಿದರು. ಹಳೆಯ ಹಾಗೆ ಇರುವ ಒಂದಾದರೂ ಸಿಗಲಿ ಎಂದು ಹುಡುಕುತ್ತಿದ್ದಾರೆ ಎಂದು ನನಗನ್ನಿಸಿತು. ಸಿಗಲಿಲ್ಲ.

"ಓಗಪ್ಪ" ಎಂದರು ಡ್ರೈವರನಿಗೆ. "ಇವತ್ ಕೆಲ್ಸ ಇಲ್ಲೆ."

ಆಮೇಲೆ ಊರಿನಲ್ಲಿ ಬೇರೆ ಮಾತು ಹುಟ್ಟಿತು. ಲೈಸಿನ್ನಿನ ವಿಷಯ ಯಾರ ತಲೆಗೂ ಹೋಗಲಿಲ್ಲ. ಬೊಮ್ಮಕ್ಕನ ಕೈಗೆ ರಾಶಿ ಬಂತು ಎಂಬುದು ಎಲ್ಲರಿಗೂ ಹೋಯಿತು. ಹೀಗೆ ಹೇಳಿದವರಲ್ಲಿ ರಂಗಣ್ಣನೇ ಮೊದಲಿಗರು. ಮುಂದಿನ ಸಲ ನಾನು ಮೀನು ತೂಗಲು ಹೋದ ದಿನ, ಮೇಲಿನ ಹೊಲದಲ್ಲಿ ಅವರ ಹೊಸ ಬಾಳೆ ನಾಟಿ. ಗುಂಡಿಗಳು ಸಾಲಾಗಿ ತಯಾರಿದ್ದವು, ಬಾಳೆಕಂದುಗಳನ್ನು ಗುಡ್ಡೆ ಹಾಕಿದ್ದರು. ಅವರು ತಾವೇ ಕೊಳದವರೆಗೆ ನಡೆದು ಬಂದರು. ನಾಲ್ಕು ಜನ ಕೂಲಿಯವರು, ಇಬ್ಬರು ಓರಗಿತ್ತಿಯರು, ಎಲ್ಲರೂ ನೋಡುತ್ತಿದ್ದರು.

"ಬೊಮ್ಮಕ್ಕ, ಮೊದಲ್ನೇ ಕಂದು ನೀನೇ ಇಡು ತಾಯಿ. ನಿನ್ ಕೈಲಿ ಇಟ್ರೆ ಚೆಂದಾಗಿ ಬತ್ತದೆ."

ಬೊಮ್ಮಕ್ಕ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ದಡ ಹತ್ತಿದರು. ಮೊದಲ ಸಲ ನಾನು ಅವರನ್ನು ಬಾವನ ಮುಖ ನೋಡಿ ಮಾತಾಡುವುದನ್ನು ಕಂಡೆ.

"ಇಡ್ತೀನಿ ಬಾವ. ಬಾಡೋದ್ರೆ ಮಾತ್ರ ಮಣ್ಣ ನೋಡಿ, ನೀರ್ ನೋಡಿ. ನನ್ ಕೈ ನೋಡ್ಬ್ಯಾಡಿ."